ಕೋಡಿಯಕ್ಕರೆಯ ಈಚೆ

"ಯಜಮಾನ್ರೇ, ನಿಮ್ಮ ದಮ್ಮಯ್ಯ, ಕೋಡಿಯಕ್ಕರೆ ಕೆಳಗಿಡಿ!"

ಅಪ್ಪಯ್ಯ ಹೀಗೆ ಕೂಗಿದ್ದು ಆ ಬೆಳಿಗ್ಗೆ ಅದು ಮೂರನೆಯ ಸಲ.

ಗೋವಿಂದಪ್ಪನವರು ನಶ್ಯದ ಚಿಟಿಕೆಯನ್ನು ಮೂಗಿನ ಹತ್ತಿರವೇ ನಿಲ್ಲಿಸಿ, ಎಡಗೈಯಲ್ಲಿದ್ದ ಡಬ್ಬಿಯನ್ನು ನೋಡಿಕೊಂಡರು. ಸೇಲಂ ಗುಗೈಯ ನೇಕಾರರ ಬೀದಿಗೆ ಅವರೇ ಕುಲದ ಯಜಮಾನರು. ನಲವತ್ತು ವರ್ಷದಿಂದ ಸೊಂಟದಲ್ಲಿದ್ದ ನಶ್ಯದ ಡಬ್ಬಿ ಇವತ್ತು ಬೆಳಿಗ್ಗೆಯಿಂದ ಸಮುದ್ರದ ಎಲ್ಲೆಯಾಗಿದೆ ಎಂಬುದು ಎಷ್ಟು ಸಲ ಹೇಳಿದರೂ ಅವರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ.

"ಓ, ಮರ್ತೋಯ್ತು ಕಣಪ್ಪ," ಎಂದು ಡಬ್ಬಿಯನ್ನು ಚಾವಡಿಯ ನೆಲದ ಮೇಲೆ ಇಟ್ಟರು.

ಇಟ್ಟದ್ದು ಒಂದು ಗೇಣು ಆಚೆಗೆ.

ಅಪ್ಪಯ್ಯ ಹಣೆ ಚಚ್ಚಿಕೊಂಡ. ಅವನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದಿದ್ದ. ಅದು ಮದರಾಸಿನಿಂದ ಕೆಳಗಿನ ಕರಾವಳಿ. ಹುಣಸೆಬೀಜಗಳೆಲ್ಲ ಊರುಗಳು. ಅಡಿಕೆಯ ಹೋಳು ಹಡಗು. ನಶ್ಯದ ಡಬ್ಬಿ ಕೋಡಿಯಕ್ಕರೆ. ಈಗ ಡಬ್ಬಿ ಸರಿದದ್ದರಿಂದ ಹಡಗು ಎಲ್ಲೆಯ ಒಳಗೆ ಸುಖವಾಗಿ ಕೂತಿತ್ತು. ಕಾಲು ಗಂಟೆಯ ಹಿಂದೆ ಅದೇ ಹಡಗು ಎಲ್ಲೆ ದಾಟಿ ನಿಂತಿತ್ತು. ಹಡಗು ಅಲ್ಲಾಡಿರಲಿಲ್ಲ, ಪಾಪ.

ಮುಳುಗಿದ ಹಡಗಿನ ಹೆಸರು ಚೌಡಾಂಬಿಕೆ. ಎರಡು ಕಂಬದ ಹಾಯಿಹಡಗು. ಸಂಕ್ರಾಂತಿಗೆ ಹುಟ್ಟುವ ತೈ ತಿಂಗಳ ಮೂರರಂದು ಕಡಲೂರಿನಿಂದ ಸೇಲಂ ಲುಂಗಿಗಳನ್ನು ಹೊತ್ತು ಹೊರಟದ್ದು, ಐದರಂದು ಸಮುದ್ರದ ಪಾಲಾಯಿತಂತೆ. ಈ ಅಂತೆಯ ಬಾಲ ಹಿಡಿದು ಅಪ್ಪಯ್ಯ ಮೂರು ವಾರದಿಂದ ಅಲೆಯುತ್ತಿದ್ದ.

ಅವನು ಹರೂರು ಕಡೆಯ ಕುರಿ ಸಾಕುವವರ ಮನೆಯ ಮಗ. ಮದರಾಸಿನ ಒಂದು ವಿಮಾ ಕಂಪನಿಯಲ್ಲಿ ತನಿಖೆ ಗುಮಾಸ್ತ. ಹಡಗಿನ ಯಜಮಾನ ಸೇಲಂನವನು, ಕನ್ನಡದವನು ಎಂದು ಗೊತ್ತಾದ ಕೂಡಲೇ ಕಂಪನಿಯ ಮ್ಯಾನೇಜರು ಇವನ ಕೈಗೆ ರೈಲಿನ ಟಿಕೀಟು ಕೊಟ್ಟು ಕಳಿಸಿದ್ದ. ಸಮುದ್ರದಿಂದ ನೂರು ಮೈಲಿಗೂ ದೂರದ ಊರು. ಈ ಬೀದಿಯಲ್ಲಿ ಸಮುದ್ರವನ್ನು ಕಣ್ಣಾರೆ ಕಂಡವರು ಇಬ್ಬರೋ ಮೂವರೋ. ಆದರೆ ಸಮುದ್ರದ ವಿಚಾರವಾಗಿ ಅಭಿಪ್ರಾಯ ಇಲ್ಲದವರು ಒಬ್ಬರೂ ಇರಲಿಲ್ಲ.

ನಿನ್ನೆ ಮ್ಯಾನೇಜರಿಂದ ತಂತಿಯೂ ಬಂದಿತ್ತು. ಹಡಗು ಎಲ್ಲೆಯ ಒಳಗಿತ್ತೆ, ಹೊರಗಿತ್ತೆ, ಹೌದು ಅಥವಾ ಇಲ್ಲ ಎಂದು ಉತ್ತರಿಸು. ಇಂಥ ಪ್ರಶ್ನೆಗೆ ಹೌದು ಎಂದರೆ ಏನು, ಇಲ್ಲ ಎಂದರೆ ಏನು? ಅಪ್ಪಯ್ಯ ಆ ತಂತಿಯನ್ನು ನಾಲ್ಕು ಮಡಿಕೆ ಮಾಡಿ ಚಪ್ಪಲಿಯೊಳಗೆ ಇಟ್ಟುಕೊಂಡಿದ್ದ. ಅಲ್ಲಿ ಒಂದು ಮೊಳೆ ಚುಚ್ಚುತ್ತಿತ್ತು.

"ಅಲ್ಲಪ್ಪಾ," ಎಂದರು ಗೋವಿಂದಪ್ಪನವರು, "ನೀರಿನ ಮ್ಯಾಲೆ ಗೆರೆ ಎಳ್ದೋರು ಯಾರು? ಎಳುದ್ರೂ ಅದು ನಿಂತಾತಾ?"

"ಹರೂರು ಕಾಡಲ್ಲಿ ಕುರಿ ಮೇಯ್ಸಾಕೆ ಫಾರೆಸ್ಟ್‌ನೋರು ಪರ್ಮಿಟ್ ಕೊಡ್ತಾರೆ, ಗೊತ್ತಾ ಯಜಮಾನ್ರೇ? ಈ ಕಲ್ಲಿಂದ ಆ ಕಲ್ಲಿನ ತಂಕ ಅಂತ. ಕಲ್ಲು ದಾಟಿ ಒಂದು ಎಲೆ ಕಡುದ್ರೂ ಕುರಿ ಗಾರ್ಡನ ಪಾಲು. ಇದೂ ಅಂಗೇ. ಹಡಗಿನ ಮೈಗೆ ವಿಮೆ ಮಾಡ್ಸಿರೋದು ವಿಶಾಖಪಟ್ಟಣದಿಂದ ಕೋಡಿಯಕ್ಕರೆ ತಂಕ. ಅದರ ಆಚೆ ಓಗ್ಬೇಕು ಅಂದ್ರೆ ಮುಂಚೇನೆ ತಿಳಿಸಿ ಹೆಚ್ಚಿಗೆ ಕಟ್ಬೇಕು. ತಿಳಿಸ್ದೆ ಓದ್ರೆ, ದಾಟಿದ ಗಳಿಗೆಯಿಂದ ಆ ಹಡಗಿಗೂ ನಮಗೂ ಸಂಬಂಧ ಇಲ್ಲ."

"ಆಚೆ ಏನೈತೆ?"

"ಸಿಲೋನು ಐತೆ. ಮರಳು ದಿಬ್ಬ ಐತೆ. ಹಡಗು ಕೂತ್ಕಂಡ್ರೆ ಏಳಾಕಿಲ್ಲ."

"ಅಂಗಾದ್ರೆ ಆಚೆ ಯಾಕಪ್ಪ ಓಯ್ತಾರೆ?"

ಇದೇ ಪ್ರಶ್ನೆಯನ್ನು ಅಪ್ಪಯ್ಯ ಮೂರು ವಾರದಿಂದ ಕೇಳುತ್ತಿದ್ದ. ಅವನು ಹಡಗಿನ ಯಜಮಾನ ಗೋಪಾಲಪ್ಪನ ಕಡೆ ನೋಡಿದ. ಗೋಪಾಲಪ್ಪ ಈ ಬೀದಿಗೆಲ್ಲ ನೂಲು ಕೊಟ್ಟು ಬಟ್ಟೆ ಕೊಳ್ಳುವ ವ್ಯಾಪಾರಿ. ಇಸ್ತ್ರಿ ಮಾಡಿದ ಅಂಗಿ, ಕಿವಿಯಲ್ಲಿ ಕೆಂಪು ಹರಳಿನ ಕಡುಕು. ಚಾವಡಿಯ ಕಂಬಕ್ಕೆ ಒರಗಿ, ತನಗೆ ಇದೆಲ್ಲ ಯಾತಕ್ಕೆ ಎಂಬಂತೆ ವೀಳ್ಯ ಮಡಿಸುತ್ತಿದ್ದ.

"ಓಗಿಲ್ಲ ಅಂತ ತಂಡೇಲನೇ ಯೋಳ್ತಾವ್ನಲ್ಲ ಸಾರ್," ಎಂದ ಗೋಪಾಲಪ್ಪ. "ಬದುಕಿ ಬಂದೋನು ಅವನೊಬ್ಬ. ಇನ್ನು ಯಾರ್ನ ಕೇಳ್ತೀರ?"

ತಂಡೇಲ, ಎಂದರೆ ಹಡಗು ನಡೆಸುವವನು, ಕಾಳಿಯಪ್ಪನ್. ಕಡಲೂರಿನ ತಮಿಳಿನವನು, ಗೋಪಾಲಪ್ಪನ ಪಕ್ಕದಲ್ಲೇ ಕುಕ್ಕರಿಸಿದ್ದ. ಹಡಗಿನಲ್ಲಿದ್ದವರು ಏಳು ಜನ, ಈಜಿ ದಡ ಸೇರಿದವನು ತಾನೊಬ್ಬನೇ ಎಂಬುದು ಅವನ ಹೇಳಿಕೆ. ಮುಳುಗಿದ್ದು ವೇದಾರಣ್ಯದ ಎದುರಿಗೆ, ಕೋಡಿಯಕ್ಕರೆಗಿಂತ ಈಚೆಗೆ. "ಸತ್ತಿಯಮಾ ಸೊಲ್ರೇನ್ ಅಯ್ಯಾ," ಎಂದು ಅವನು ಎದೆ ಮುಟ್ಟಿಕೊಂಡು ಸತ್ಯದ ಆಣೆಯಿಡುವುದನ್ನು ಅಪ್ಪಯ್ಯ ಇಪ್ಪತ್ತು ಸಲ ಕೇಳಿದ್ದ. ಎಷ್ಟು ದೂರ ಈಚೆಗೆ ಎಂದರೆ ಒಮ್ಮೆ ಎಂಟು ಮೈಲಿ, ಒಮ್ಮೆ ಎರಡು ಹರದಾರಿ, ಒಮ್ಮೆ "ಕೂಗಿದರೆ ಕೇಳುವಷ್ಟು". ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಆಸಾಮಿ ಪಳಗಿದ್ದ.

ಇಷ್ಟೇ ಆಗಿದ್ದರೆ ಅಪ್ಪಯ್ಯ ಏನೋ ಒಂದು ಬರೆದು ಹಾಕಿ ಮದರಾಸಿಗೆ ಹೋಗುತ್ತಿದ್ದ. ಅವನನ್ನು ಹಿಡಿದು ನಿಲ್ಲಿಸಿದ್ದು ಚಾವಡಿಯ ಇನ್ನೊಂದು ಮೂಲೆಯಲ್ಲಿ ಕೂತಿದ್ದ ಹೆಂಗಸು.

ಈಶ್ವರಿ. ಮೂವತ್ತರ ಆಸುಪಾಸು. ಅವಳ ಗಂಡ ಮುನುಸ್ವಾಮಿ ಸರಕಿನ ಕಾವಲಿಗೆಂದು ಆ ಹಡಗು ಹತ್ತಿದ್ದ ನೇಕಾರ. ಹೆಣ ಸಿಕ್ಕಿರಲಿಲ್ಲ. ಒಂದು ಮಂಡಲ, ನಲವತ್ತೆಂಟು ದಿನ, ಕಾಯೋಣ ಎಂದು ಹಿರಿಯರು ಹೇಳಿದ್ದರು. ಅದು ಇವತ್ತಿಗೆ ಮುಗಿದಿತ್ತು. ಮಧ್ಯಾಹ್ನದ ಹೊತ್ತಿಗೆ ಅವಳ ಬಳೆ ಒಡೆದು ತಾಳಿ ತೆಗೆಯಬೇಕು ಎಂದು ಗೋಪಾಲಪ್ಪನೇ ಮುಂದೆ ನಿಂತು ಏರ್ಪಾಡು ಮಾಡಿಸಿದ್ದ. ಅವಳ ಮುಂದೆ ಒಂದು ಮೊರದಲ್ಲಿ ಬಿಳಿ ಸೀರೆ ಮಡಿಸಿಟ್ಟಿತ್ತು. ಪಕ್ಕದಲ್ಲಿ ಒಂದು ಕಾಗದ, ಒಂದು ಮಸಿ ಕುಡಿಕೆ. ಗಂಡ ಇಂಥ ದಿನ, ಕೋಡಿಯಕ್ಕರೆಯ ಈಚೆ, ಹಡಗಿನೊಂದಿಗೆ ಮುಳುಗಿ ಸತ್ತ ಎಂದು ಹೆಂಡತಿ ಹೆಬ್ಬೆಟ್ಟು ಒತ್ತಿಕೊಟ್ಟರೆ ಗೋಪಾಲಪ್ಪನ ಅರ್ಜಿಗೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಅವಳು ಒತ್ತಿರಲಿಲ್ಲ. ಬೀದಿಯ ಹೆಂಗಸರು ಬೈದರು, ಅತ್ತರು, ಬುದ್ಧಿ ಹೇಳಿದರು. ಅವಳು ಎರಡು ಕೈಯನ್ನೂ ಸೆರಗಿನೊಳಗೆ ಕಟ್ಟಿಕೊಂಡು ಕೂತಿದ್ದಳು. ಹಸಿರು ಬಳೆ ಒಂದೂ ಕಾಣದ ಹಾಗೆ.

"ಅಣ್ಣಾ," ಎಂದು ಮೊನ್ನೆ ಅವಳೇ ಅಪ್ಪಯ್ಯನ ಹತ್ತಿರ ಬಂದು ಹೇಳಿದ್ದಳು, "ಈ ತಂಡೇಲ ಜಾಗದ ವಿಸ್ಯ ಸುಳ್ಳು ಯೋಳಿದ್ರೆ ಸಾವಿನ ವಿಸ್ಯಾನೂ ಸುಳ್ಳೇ ಯೋಳವ್ನೆ. ನೀವು ಆ ಗೆರೆ ಎಲ್ಲೈತೆ ಅಂತ ಹುಡುಕ್ರಿ. ಹಡಗು ಆಚೆ ಓಗೈತೆ ಅಂತ ಒಂದು ಸಾಕ್ಷಿ ತೋರ್ಸಿ. ನನ್ನ ಗಂಡ ಬದುಕವ್ನೆ."

ಕಂಪನಿಯ ಮ್ಯಾನೇಜರಿಗೆ ಇಂಥ ಬುದ್ಧಿ ಇದ್ದಿದ್ದರೆ ತನಗೆ ಇಷ್ಟು ಗೋಳಿರುತ್ತಿರಲಿಲ್ಲ ಎಂದು ಅಪ್ಪಯ್ಯನಿಗೆ ಅನ್ನಿಸಿತ್ತು.

ಈಗ ಬಿಸಿಲು ಚಾವಡಿಯ ಮೂರನೆಯ ಮೆಟ್ಟಿಲಿಗೆ ಬಂದಿತ್ತು. ಗೋಪಾಲಪ್ಪ ವೀಳ್ಯ ಬಾಯಿಗೆ ಹಾಕಿಕೊಂಡು ಎದ್ದ.

"ಹೊತ್ತಾಯ್ತು ಯಜಮಾನ್ರೇ. ಇವರ ಸೀಮೆಸುಣ್ಣದ ಆಟ ಮುಗಿಯಾಕಿಲ್ಲ. ಬಾಯಿ ಮಾತು ಬ್ಯಾಡ ಅಂದ್ರೆ ಬ್ಯಾಡ, ಮೂಟೆ ಐತಲ್ಲ? ವೇದಾರಣ್ಯದ ದಡದಾಗೆ ಬೆಸ್ತರಿಗೆ ಸಿಕ್ಕಿದ ಮೂಟೆ. ಹಡಗು ಆಚೆ ಮುಳುಗಿದ್ರೆ ಮೂಟೆ ಈಚೆ ಬತ್ತಿತ್ತಾ? ಇವರೇ ನೋಡಿ ಅರಗು ಒತ್ತಿ ಮಡಗವ್ರೆ."

ಅದೂ ನಿಜವೇ. ಹದಿನೈದು ದಿನದ ಹಿಂದೆ, ದಡದ ಬೆಸ್ತರು ಇಷ್ಟು ದಿನ ಇಟ್ಟುಕೊಂಡಿದ್ದರು ಎಂದು ಹೇಳಿ, ಗೋಪಾಲಪ್ಪ ಒಂದು ಬಟ್ಟೆ ಮೂಟೆಯನ್ನು ತರಿಸಿದ್ದ. ಮೇಲೆಲ್ಲ ಉಪ್ಪು ಕಟ್ಟಿತ್ತು. ಅಪ್ಪಯ್ಯ ಬೆರಳಿಗೆ ಹಚ್ಚಿಕೊಂಡು ನೆಕ್ಕಿ ನೋಡಿ, ಉಪ್ಪೇ ಎಂದು ಖಾತ್ರಿ ಮಾಡಿಕೊಂಡು, ಕಂಪನಿಯ ಅರಗಿನ ಮುದ್ರೆ ಒತ್ತಿದ್ದ.

"ತರ್ಸಿ ಮೂಟೇನ," ಎಂದ ಅಪ್ಪಯ್ಯ. ಬೇರೆ ಏನೂ ತೋಚದೆ ಹೇಳಿದ್ದು ಅಷ್ಟೆ.

ಮೂಟೆ ಬಂತು. ಅಪ್ಪಯ್ಯ ಅರಗು ಒಡೆದು, ಹಗ್ಗ ಕೊಯ್ದ. ಮೇಲಿನ ಎರಡು ಲುಂಗಿ ಉಪ್ಪಿನಿಂದ ಬೆಳ್ಳಗೆ, ಬಣ್ಣ ಕದಡಿ ಸಪ್ಪಗಾಗಿದ್ದವು. ಅವನ್ನು ಪಕ್ಕಕ್ಕಿಟ್ಟು ನಡುವಿನಿಂದ ಒಂದನ್ನು ಎಳೆದು ಕೊಡವಿದ. ಅದು ಗರಗರ ಸದ್ದು ಮಾಡುತ್ತ ಬಿಚ್ಚಿಕೊಂಡಿತು.

ಹೆಂಗಸರ ಮೂಲೆಯಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದ ದೊಡ್ಡಕ್ಕನ ಕೈ ನಿಂತಿತು. ಎಪ್ಪತ್ತು ದಾಟಿದ ಮುದುಕಿ, ಈಶ್ವರಿಯ ಗಂಡನಿಗೆ ದೊಡ್ಡಮ್ಮ. ಕಣ್ಣು ಮಂಜು.

"ಇನ್ನೊಂದು ಕಿತ ಕೊಡವು, ಲೇ," ಎಂದಳು.

ಅಪ್ಪಯ್ಯ ಕೊಡವಿದ.

"ಗಂಜಿ ಅಂಗೇ ಐತಲ್ಲೋ!"

"ಏನು ಗಂಜಿ?"

"ಏನು ಗಂಜಿ ಅಂದ್ರೆ? ನಿನ್ನ ತಿಥಿ ಗಂಜಿ! ಮಗ್ಗಕ್ಕೆ ಏರ್ಸೋ ಮುಂಚೆ ನೂಲಿಗೆ ಹಾಕಲ್ವಾ, ಅಕ್ಕಿ ಗಂಜಿ? ಅದು ಒಂದು ನೀರು ಕಂಡ್ರೆ ಓಯ್ತದೆ. ಇದು ನೀರೇ ಕಂಡಿಲ್ಲ. ಸದ್ದು ಕೇಳಾಕಿಲ್ವಾ ನಿಂಗೆ? ಹೊಸಾ ಬಟ್ಟೆ ಕಣೋ ಇದು!"

ಅಪ್ಪಯ್ಯ ಬಾಯಿ ಬಿಟ್ಟುಕೊಂಡು ನಿಂತ. ಹದಿನೈದು ದಿನ. ಹದಿನೈದು ದಿನ ಈ ಮೂಟೆ ಗೋಪಾಲಪ್ಪನ ಗೋದಾಮಿನಲ್ಲಿ, ಅಪ್ಪಯ್ಯನದೇ ಮುದ್ರೆ ಹೊದ್ದು ಮಲಗಿತ್ತು. ಮುದುಕಿಯ ಮನೆ ಅಲ್ಲಿಂದ ಮೂರನೆಯ ಬಾಗಿಲು. ಉಪ್ಪು ನೆಕ್ಕಿ ನೋಡಿ ಬುದ್ಧಿವಂತನೆನಿಸಿಕೊಂಡ ತನ್ನ ನಾಲಿಗೆಯನ್ನು ಕತ್ತರಿಸಿ ಹಾಕಬೇಕು ಎನ್ನುವಷ್ಟು ಸಿಟ್ಟು ಬಂತು ಅವನಿಗೆ.

"ಅಜ್ಜೀ, ಇದನ್ನ ಮೊದಲೇ ಯೋಳ್ಬಾರ್ದಾಗಿತ್ತಾ?"

"ನೀನು ಕೇಳಿದ್ಯಾ?"



ಗೋಪಾಲಪ್ಪ ನಗಲು ನೋಡಿದ. "ಮುದುಕಿ ಮಾತು ಕಟ್ಕಂಡು... ಒತ್ತಿ ಕಟ್ಟಿರೋ ಮೂಟೆ ಸಾರ್. ಒಳಕ್ಕೆ ನೀರು ಇಳ್ದಿಲ್ಲ."

"ಎರಡು ದಿನ ಸಮುದ್ರದಾಗೆ ತೇಲ್ತಿತ್ತು ಅಂತ ನೀವೇ ಬರ್ಕೊಟ್ಟಿದ್ದೀರಲ್ಲ?"

"ತೇಲ್ತಿತ್ತು, ಮುಳುಗಿರಲಿಲ್ಲ."

"ಮೇಲಿಂದು ಎರಡು ನೆಂದವೆ, ಕೆಳಗಿಂದು ನೆಂದಿಲ್ಲ," ಎಂದ ಅಪ್ಪಯ್ಯ ಮೂಟೆಯನ್ನು ಬುಡಮೇಲು ಮಾಡಿ. ಅಡಿಯ ಲುಂಗಿಯೂ ಗರಗರ ಎಂದಿತು. "ಬೆನ್ನು ಮಾತ್ರ ನೆನಸ್ಕಂಡು ತೇಲಿದ ಮೂಟೆ ಲೋಕದಾಗೆ ಇದೊಂದೇ ಇರ್ಬೇಕು. ಯಾರಾದ್ರೂ ಎರಡು ಚೊಂಬು ನೀರು ತತ್ತೀರಾ?"

ಚೊಂಬುಗಳು ಬಂದವು. ಉಪ್ಪು ಕಟ್ಟಿದ ಲುಂಗಿಯ ತುದಿಯನ್ನು ಒಂದರಲ್ಲಿ ಅದ್ದಿ ಹಿಸುಕಿದ. ನೀರು ಸ್ವಲ್ಪ ಬಣ್ಣ ತಿರುಗಿತು, ಅಷ್ಟೆ. ನಡುವಿನ ಲುಂಗಿಯ ತುದಿಯನ್ನು ಇನ್ನೊಂದರಲ್ಲಿ ಅದ್ದಿ ಹಿಸುಕಿದ. ನೀರು ಅಕ್ಕಿ ತೊಳೆದ ಹಾಗೆ ಬೆಳ್ಳಗಾಯಿತು.

ಚೊಂಬನ್ನು ಗೋವಿಂದಪ್ಪನವರ ಮೂಗಿನ ಕೆಳಗೆ ಹಿಡಿದ. ಜೀವಮಾನವಿಡೀ ಗಂಜಿಯಲ್ಲಿ ಕೈ ಅದ್ದಿದ ಮನುಷ್ಯ. ಎರಡು ಬೆರಳು ಅದ್ದಿ ಉಜ್ಜಿ ನೋಡಿದರು. ಗೋಪಾಲಪ್ಪನ ಕಡೆ ತಿರುಗಿದರು, ಅಷ್ಟೆ. ಬೀದಿಯ ಗಂಡಸರೆಲ್ಲ ಅತ್ತಲೇ ತಿರುಗಿದರು.

ಬಟ್ಟೆ ಮಾರಿ ಮೂರು ಮಾಳಿಗೆ ಕಟ್ಟಿದವನಿಗೆ ಬಟ್ಟೆಯ ಸದ್ದು ಗೊತ್ತಿರಲಿಲ್ಲ. ಮಗ್ಗದ ಗುಳಿಯಲ್ಲಿ ಒಂದು ದಿನ ಕಾಲಿಟ್ಟು ಕೂತಿದ್ದರೂ ಮೂಟೆಯನ್ನು ಪೂರ್ತಿ ತೊಟ್ಟಿಗೆ ಹಾಕುತ್ತಿದ್ದ. ಮೇಲೊಂದಿಷ್ಟು ಉಪ್ಪುನೀರು ಚಿಮುಕಿಸಿ ಒಳ್ಳೆ ಬಟ್ಟೆ ಉಳಿಸಿಕೊಳ್ಳೋಣ ಎಂದಿದ್ದ, ಜಿಪುಣ.

"ಕಾಳಿಯಪ್ಪಾ," ಎಂದ ಅಪ್ಪಯ್ಯ. ಈಗ ಅವನ ದನಿ ಏರಲಿಲ್ಲ. ಕೂಗಿ ಕೂಗಿ ಗಂಟಲೇ ಹೋಗಿತ್ತು. "ಇಲ್ಲಿ ನೋಡು. ಇದು ನಾಗಪಟ್ಟಣ. ಇದು ವೇದಾರಣ್ಯ. ಇದು ಕೋಡಿಯಕ್ಕರೆ, ಯಜಮಾನ್ರು ಇನ್ನು ನಶ್ಯ ಹಾಕಾಕಿಲ್ಲ. ಮೂಟೆ ಸುಳ್ಳು ಅಂತಾಯ್ತು. ನೀನು ಕೊನೇ ಸಲ ಆ ಹಡಗನ್ನ ನೋಡಿದ್ದು ಎಲ್ಲಿ? ಅಡಿಕೆ ತಗೊಂಡು ಆ ಜಾಗದಾಗೆ ಇಡು."

ಕಾಳಿಯಪ್ಪನ್ ಅಡಿಕೆ ಹೋಳನ್ನು ಎತ್ತಿಕೊಂಡ. ವೇದಾರಣ್ಯದ ಹತ್ತಿರ ತಂದ. ಅಲ್ಲಿ ಇಡಲಿಲ್ಲ. ಕೈ ಮೆಲ್ಲಗೆ ಕೆಳಕ್ಕೆ ಸರಿಯಿತು, ನಶ್ಯದ ಡಬ್ಬಿಯ ಪಕ್ಕಕ್ಕೆ, ಇನ್ನೂ ಕೆಳಕ್ಕೆ.

ಗೋಪಾಲಪ್ಪ ಕೆಮ್ಮಿದ.

ಕಾಳಿಯಪ್ಪನ್ ಅಡಿಕೆಯನ್ನು ಬಾಯಿಗೆ ಹಾಕಿಕೊಂಡು ಅಗಿಯತೊಡಗಿದ.

ಯಾರೋ ಕಿಸಕ್ಕನೆ ನಕ್ಕರು. ಅಪ್ಪಯ್ಯನಿಗೆ ನಗು ಬರಲಿಲ್ಲ, ಅಳು ಬಂದಂತಾಯಿತು. ಎಲ್ಲೆಯನ್ನು ಒಬ್ಬರು ಮೂಗಿಗೇರಿಸಿದರು, ಹಡಗನ್ನು ಒಬ್ಬ ತಿಂದು ಮುಗಿಸಿದ. ಇದನ್ನೆಲ್ಲ ಮದರಾಸಿಗೆ ಹೌದು ಅಥವಾ ಇಲ್ಲ ಎಂದು ಬರೆಯುವುದು ಹೇಗೆ?

"ಉಗಿಯೋ ಅದನ್ನ!"

"ಎನಕ್ಕು ಒಣ್ಣುಂ ತೆರಿಯಾದು ಅಯ್ಯಾ," ಎಂದ ಕಾಳಿಯಪ್ಪನ್, ತನಗೇನೂ ತಿಳಿಯದೆಂದು, ಅಗಿಯುತ್ತಲೇ. ಆದರೆ ಅವನ ಕಣ್ಣಲ್ಲಿ ನೀರಿತ್ತು. "ಎನ್ನ ವಿಟ್ಟುಡುಂಗ," ಬಿಟ್ಟುಬಿಡಿ ಎಂದು ಬೇಡಿಕೊಂಡ.

ಅಷ್ಟು ಸಾಕಾಗಿತ್ತು. ಅಪ್ಪಯ್ಯ ಗೋವಿಂದಪ್ಪನವರ ಮುಂದೆ ಬಂದು ಕೈ ಮುಗಿದ.

"ಯಜಮಾನ್ರೇ, ಹಡಗು ಎಲ್ಲೆ ಒಳಗೆ ಮುಳುಗಿತು ಅನ್ನೋದಕ್ಕೆ ಈಗ ಒಂದೇ ಒಂದು ಸಾಕ್ಷಿ ಉಳ್ದಿಲ್ಲ. ಅದು ಆಚೆ ಓಗೈತೆ, ಮುಳುಗಿತು ಅನ್ನೋದೂ ಈ ಸುಳ್ಳುಗಾರನ ಬಾಯಿ ಮಾತೇ. ಹಡಗು ಮುಳುಗಿಲ್ಲ ಅಂದ್ರೆ ಅದರಾಗೆ ಇದ್ದೋರು ಸತ್ತಿಲ್ಲ. ಈ ಹೆಣ್ಣುಮಗಳ ತಾಳಿಗೆ ಕೈ ಹಾಕ್ಬ್ಯಾಡಿ. ನನಗೆ ಹತ್ತು ದಿನ ಕೊಡಿ."

ಗೋವಿಂದಪ್ಪನವರ ಕೈ ತಾನಾಗಿ ಡಬ್ಬಿಯ ಕಡೆ ಹೋಯಿತು, ಅರ್ಧದಲ್ಲಿ ನಿಂತಿತು.

"ಸರಿದಾನ್," ಎಂದರು. "ನಿಲ್ಸಾಣ. ಬದುಕಿರೋನ ಹೆಂಡ್ತಿಗೆ ಬಿಳಿ ಸೀರೆ ಉಡ್ಸಿದ ಪಾಪ ಈ ಬೀದಿಗೆ ಬ್ಯಾಡ. ಎತ್ರಮ್ಮ ಆ ಮೊರಾನ."

ಮೂರು ವಾರದಲ್ಲಿ ಮೊದಲ ಬಾರಿಗೆ ಅಪ್ಪಯ್ಯನ ಎದೆ ಹಗುರಾಯಿತು. ಗೋಪಾಲಪ್ಪ ಮೆಟ್ಟಿಲಿನ ಕಡೆ ಒಂದೊಂದೇ ಹೆಜ್ಜೆ ಸರಿಯುತ್ತಿದ್ದ. ಸರಿಯಲಿ, ಎಲ್ಲಿಗೆ ಹೋಗುತ್ತಾನೆ? ಅಪ್ಪಯ್ಯ ಸಂತೋಷದಿಂದ ಈಶ್ವರಿಯ ಕಡೆ ತಿರುಗಿದ.

ಅವಳು ಮೂಲೆಯಲ್ಲಿರಲಿಲ್ಲ.

ಮೂಟೆಯ ಹತ್ತಿರ ನೆಲದ ಮೇಲೆ ಮಂಡಿಯೂರಿ ಕೂತಿದ್ದಳು. ನಡುವಿನ ಲುಂಗಿಯನ್ನು ಮಡಿಲಲ್ಲಿ ಹರಡಿಕೊಂಡು ಅಂಚನ್ನು ಗೇಣು ಗೇಣಾಗಿ ಬೆರಳಲ್ಲಿ ಸವರುತ್ತಿದ್ದಳು. ಕುರುಡರು ಮುಖ ಮುಟ್ಟಿ ನೋಡುವಂತೆ ಇತ್ತು ಅದು. ತುದಿ ಬಂದಾಗ ಬೆರಳು ನಿಂತಿತು. ಆ ತುದಿಯನ್ನು ಎತ್ತಿ ಬೆಳಕಿಗೆ ಹಿಡಿದಳು.

"ತಂಗೀ, ಕೇಳಿಸ್ತಾ?" ಎಂದ ಅಪ್ಪಯ್ಯ, ಬಗ್ಗಿ. "ನಿಲ್ಸಿದ್ರು. ನಿನ್ನ ಗಂಡ..."

"ಬದುಕವ್ನೆ," ಎಂದಳು ಈಶ್ವರಿ. ದನಿಯಲ್ಲಿ ಏನೂ ಇರಲಿಲ್ಲ. "ಇದು ಅವನು ನೇಯ್ದಿದ್ದು."

ಅಪ್ಪಯ್ಯ ಅಲ್ಲೇ ಕುಕ್ಕರಗಾಲಿನಲ್ಲಿ ಕೂತ.

"ಅವನ ಬಲಗಡೆ ತೋಳು ಸೋತೈತೆ. ಗೇಣಿಗೆ ಒಂದು ಕಡೆ ಅಂಚು ಒಳಕ್ಕೆ ಸರೀತದೆ, ನೋಡಿ. ಹನ್ನೆರಡು ವರ್ಸ ಅವನ ಪಕ್ಕ ಕೂತು ನೂಲು ಸುತ್ತಿವ್ನಿ, ನಂಗೊತ್ತಾಗಾಕಿಲ್ವಾ? ಅಂಚಿನ ಈ ಕಿತ್ತಳೆ ನೂಲು ಗೋಪಾಲಪ್ಪ ಬೀದಿಗೆ ಕೊಟ್ಟಿದ್ದು ಹಡಗು ಮುಳುಗಿತು ಅಂದ ಮೇಲೆ, ಒಂದು ವಾರಕ್ಕೆ. ಅವತ್ತು ನಾನು ಅಳ್ತಾ ಮಲಗಿದ್ದೆ. ನೂಲು ಬ್ಯಾಡ ಅಂತ ವಾಪಸ್ ಕಳ್ಸಿದ್ದೆ."

"ಅಂದ್ರೆ ಆಮೇಲೆ ನೇಯ್ದವ್ನೆ! ಎಲ್ಲೋ ಇಲ್ಲೇ, ಸುತ್ತಮುತ್ತ, ಮಗ್ಗ ಹಾಕ್ಕೊಂಡು ಕೂತವ್ನೆ!" ಅಪ್ಪಯ್ಯನಿಗೆ ಎದ್ದು ಕುಣಿಯಬೇಕೆನ್ನಿಸಿತು. ಹಡಗು ಹತ್ತಿ ಸತ್ತವನು ಸೇಲಂ ಜಿಲ್ಲೆಯಲ್ಲಿ ಕೂತು ಲುಂಗಿ ನೇಯುತ್ತಿದ್ದಾನೆ! ಹಡಗು ಎಲ್ಲಿಗೆ ಹೋಯಿತು, ಯಾಕೆ ಹೋಯಿತು, ಎಲ್ಲವೂ ಆ ಒಬ್ಬನ ಬಾಯಲ್ಲಿದೆ. "ಯೋಳಮ್ಮಾ! ಇದನ್ನೇ ಎಲ್ರಿಗೂ ಕೇಳೋ ಅಂಗೆ ಯೋಳು!"

ಈಶ್ವರಿ ಲುಂಗಿಯ ತುದಿಯನ್ನು ಅವನ ಮುಂದೆ ಹಿಡಿದಳು. ಸಾಲಾಗಿ ನೂರಾರು ಸಣ್ಣ ಹುರಿಗಳು, ಎಳ್ಳಿಗಿಂತ ಸಣ್ಣವು.

"ಇದು ಕೆಚ್ಚು, ಅಣ್ಣಾ. ಮಗ್ಗದ ಮ್ಯಾಲೆ ಹಳೇ ಹಾಸು, ಅದೇ ಉದ್ದಕ್ಕಿರೋ ನೂಲು, ಮುಗಿದ ಮೇಲೆ ಹೊಸಾ ಹಾಸಿನ ಎಳೇನ ಒಂದೊಂದಾಗಿ ಹಳೇದಕ್ಕೆ ಹುರಿ ಹಾಕಿ ಸೇರಿಸ್ಬೇಕು. ಸಾವಿರ ಎಳೆ. ಅದು ಗಂಡಸು ಮಾಡೋ ಕೆಲಸ ಅಲ್ಲ. ನಮ್ಮೋರಲ್ಲಿ ಗಂಡನ ಮಗ್ಗಕ್ಕೆ ಹೆಂಡ್ತಿನೇ ಕೆಚ್ಚೋದು. ಬ್ಯಾರೆ ಹೆಂಗಸಿಗೆ ಮುಟ್ಟಾಕೂ ಬಿಡಾಕಿಲ್ಲ."

ಅಪ್ಪಯ್ಯನ ಕುಣಿತ ಅಲ್ಲೇ ನಿಂತಿತು.

"ಇದು ನನ್ನ ಕೈಯಲ್ಲ," ಎಂದಳು ಈಶ್ವರಿ.

ಅವಳ ಕಣ್ಣಲ್ಲಿ ನೀರಿರಲಿಲ್ಲ. ನಲವತ್ತೆಂಟು ದಿನ ಊರೆಲ್ಲ ಒಂದಾಗಿ ಸತ್ತ ಎಂದರೂ ಇಲ್ಲ ಎಂದವಳು. ಅವಳ ಹೊಟ್ಟೆಯೊಳಗೆ ಏನಾಗುತ್ತಿದೆ ಎಂದು ತಿಳಿಯಲು ಅಪ್ಪಯ್ಯನಿಗೆ ಯಾವ ಕಾಗದವೂ ಬೇಕಿರಲಿಲ್ಲ. ಅಯ್ಯೋ ಎನಿಸಿತು ಅವನಿಗೆ. ಅಯ್ಯೋ ಎಂದ ಮನಸ್ಸೇ ಮರುಗಳಿಗೆಗೆ ಕೇಳಬಾರದ್ದನ್ನು ಕೇಳಿಸಿತು.

"ಯಾರ ಕೈ ಅಂತ ಗೊತ್ತಾ?"

"ಗೊತ್ತಿಲ್ದೆ ಏನು? ಆ ಕೈಗೆ ಹುರಿ ಹಾಕಾದು ಕಲಿಸಿಕೊಟ್ಟೋಳೇ ನಾನು."

"ಯಾರದು?"

ಈಶ್ವರಿ ಎದ್ದಳು. ಲುಂಗಿಯನ್ನು ನೀಟಾಗಿ ಮಡಿಸಿ ಮೂಟೆಯ ಮೇಲಿಟ್ಟಳು. ಚಾವಡಿಯ ನಡುವೆ ಬಂದು, ಯಾರೋ ಒಳಕ್ಕೆ ಒಯ್ಯುತ್ತಿದ್ದ ಮೊರವನ್ನು ಕೈ ಅಡ್ಡ ಹಿಡಿದು ನಿಲ್ಲಿಸಿದಳು.

"ಯಜಮಾನ್ರೇ, ನನ್ನ ಗಂಡ ಸತ್ತೋದ."



"ಏನಂದೆ ಮಗಳೇ?" ಎಂದರು ಗೋವಿಂದಪ್ಪನವರು.

"ಇಷ್ಟು ದಿನ ನಂಗೆ ಬುದ್ಧಿ ಇರ್ಲಿಲ್ಲ. ಸತ್ತೋದ. ಕೋಡಿಯಕ್ಕರೆ ಈಚೆನೇ ಸತ್ತೋದ. ಅಂಗಂತ ಬರ್ದಿರೋ ಕಾಗದ ಎಲ್ಲಿ?"

"ಈಶ್ವರೀ!" ಎಂದು ದೊಡ್ಡಕ್ಕ ಕಿರುಚಿದಳು. ಅಷ್ಟರಲ್ಲಿ ಅವಳು ಎರಡು ಕೈಯನ್ನೂ ಚಾವಡಿಯ ಕಲ್ಲು ಕಂಬಕ್ಕೆ ಬಡಿದಾಗಿತ್ತು. ಹಸಿರು ಚೂರುಗಳು ಸೀಮೆಸುಣ್ಣದ ಕರಾವಳಿಯ ಮೇಲೆಲ್ಲ ಚೆಲ್ಲಿದವು. ಮುಂಗೈಯಲ್ಲಿ ರಕ್ತ ಇಳಿಯಿತು. ಅವಳು ಅದನ್ನು ಒರೆಸಿಕೊಳ್ಳಲೂ ಇಲ್ಲ; ಮೂಲೆಯಲ್ಲಿದ್ದ ಮಸಿಯಲ್ಲಿ ಹೆಬ್ಬೆರಳು ಅದ್ದಿ ಕಾಗದದ ಮೇಲೆ ಒತ್ತಿದಳು.

ಮೆಟ್ಟಿಲಿಳಿಯುತ್ತಿದ್ದ ಗೋಪಾಲಪ್ಪ ತಿರುಗಿ ನಿಂತ. ಬೇಡಿದ ವರ ತಾನಾಗಿ ಮಡಿಲಿಗೆ ಬಿದ್ದಿತ್ತು. ಆದರೆ ಅವನ ಮುಖದಲ್ಲಿ ಸಂತೋಷ ಇರಲಿಲ್ಲ. ಈಶ್ವರಿ ಅವನನ್ನೇ ನೋಡುತ್ತಿದ್ದಳು.

"ನಿಲ್ಲಿ, ನಿಲ್ಲಿ!" ಎಂದ ಅಪ್ಪಯ್ಯ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆಗೆ ಅವನಿಗೆ ಆ ಗಳಿಗೆಯಲ್ಲಿ ಪೂರ್ತಿ ಅರ್ಥ ಹೊಳೆಯಿತು. "ಯಜಮಾನ್ರೇ, ಈಗ ಈಕೆ ನನ್ನ ಹತ್ರ ಬ್ಯಾರೆ ಮಾತು ಯೋಳಿದ್ಲು. ಬದುಕವ್ನೆ ಅಂದ್ಲು!"

"ನಾನು ಅಂದಿಲ್ಲ," ಎಂದಳು ಈಶ್ವರಿ.

"ಅಮ್ಮಾ!"

"ನಾನು ಅಂದಿಲ್ಲ, ಅಣ್ಣಾ. ನನ್ನ ಗಂಡನ ವಿಸ್ಯ ನಾನು ಯೋಳಿದ್ದೇ ಮಾತು."

ಗೋವಿಂದಪ್ಪನವರು ಒಮ್ಮೆ ಅವಳನ್ನೂ ಒಮ್ಮೆ ಇವನನ್ನೂ ನೋಡಿ, ಕೊನೆಗೆ ಸೋತವರಂತೆ ಕಣ್ಣು ಮುಚ್ಚಿಕೊಂಡರು. ಹೆಂಡತಿಯೇ ಹೆಬ್ಬೆಟ್ಟು ಒತ್ತಿದ ಮೇಲೆ ಪಂಚರಿಗೆ ಮಾತಾಡಲು ಏನಿದೆ? ಕಾಗದದ ಅಡಿಯಲ್ಲಿ ಇನ್ನೊಂದೇ ಜಾಗ ಖಾಲಿ ಇತ್ತು. ಕಂಪನಿಯ ಕಡೆಯವನು ಎದುರಿಗಿದ್ದು ನೋಡಿದ್ದೇನೆ, ನಿಜ ಎಂದು ರುಜು ಹಾಕುವ ಜಾಗ; ಅದು ಬಿದ್ದರೆ ವಿಮೆಯ ಹಣ ಗೋಪಾಲಪ್ಪನಿಗೆ.

ಈಶ್ವರಿ ಆ ಕಾಗದವನ್ನು ತಾನೇ ಎತ್ತಿಕೊಂಡು ಬಂದಳು. ಅಪ್ಪಯ್ಯನ ಜೇಬಿನಲ್ಲಿದ್ದ ಪೆನ್ನನ್ನು ತಾನೇ ತೆಗೆದು ಅವನ ಕೈಗೆ ಕೊಟ್ಟಳು. ಅಷ್ಟು ಹತ್ತಿರ ನಿಂತು, ಅವನೊಬ್ಬನಿಗೆ ಕೇಳುವಷ್ಟು ಮೆಲ್ಲಗೆ ಹೇಳಿದಳು:

"ರುಜು ಹಾಕಿ, ಅಣ್ಣಾ. ನನ್ನ ಪಾಲಿಗೆ ಅವನು ಸತ್ತ, ಕಾಗದದಾಗೂ ಸಾಯ್ಲಿ. ಹಾಕಿದ್ರೆ ಅವಳ ಹೆಸರೂ ಯೋಳ್ತೀನಿ, ಊರೂ ಯೋಳ್ತೀನಿ, ಅವನು ಕೂತಿರೋ ಮಗ್ಗದ ಮುಂದಕ್ಕೆ ನಾನೇ ಕರ್ಕಂಡು ಓಯ್ತೀನಿ. ಹಾಕ್ದಿದ್ರೆ, ನಾನು ಸಾಯೋ ತಂಕ ನನ್ನ ಬಾಯಿಂದ ಒಂದು ಅಕ್ಷರ ಬರಾಕಿಲ್ಲ."